ಫೆರಿಟಿನ್ 9 ಇದ್ದದ್ದು 58 ಆಗಿದೆ, ಹಾಗಾದ್ರೆ ಕಬ್ಬಿಣ ತುಂಬಿತಾ?

ಪ್ರಶ್ನೆ: ನನಗೆ 36 ವರ್ಷ, ರಾಜಾಜಿನಗರದಲ್ಲಿ ಮನೆ. ಒಂದು ವರ್ಷದಿಂದ ವಿಪರೀತ ಸುಸ್ತು. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆ, ತಲೆ ಬಾಚಿದರೆ ಕೂದಲು ಕೈಗೆ ಬರುತ್ತದೆ. ಫೆಬ್ರವರಿಯಲ್ಲಿ ಆಫೀಸಿನವರು ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಹಿಮೋಗ್ಲೋಬಿನ್ 12.1, ಫೆರಿಟಿನ್ 9 ಬಂತು. ಹಿಮೋಗ್ಲೋಬಿನ್ ಸರಿ ಇದೆ, ಚಿಂತೆ ಬೇಡ ಅಂದರು. ನಾನೇ ಮೆಡಿಕಲ್ ಶಾಪಿನಲ್ಲಿ ಕೇಳಿ ಮೂರು ವಾರ ಐರನ್ ಮಾತ್ರೆ ತೆಗೆದುಕೊಂಡೆ, ಮಲಬದ್ಧತೆ ಶುರುವಾಯ್ತು, ನಿಲ್ಲಿಸಿದೆ. ಜುಲೈನಲ್ಲಿ ವೈರಲ್ ಜ್ವರ ಬಂತು. ಬಿಟ್ಟ ವಾರವೇ ಬೇರೆ ಲ್ಯಾಬಿನಲ್ಲಿ ಫುಲ್ ಬಾಡಿ ಪ್ಯಾಕೇಜ್ ಮಾಡಿಸಿದೆ. ಈಗ ಫೆರಿಟಿನ್ 58! ರಿಪೋರ್ಟಿನಲ್ಲಿ ರೇಂಜ್ 10ರಿಂದ 290 ಅಂತಿದೆ, ಹಾಗಾಗಿ ಎಲ್ಲಾ ಸರಿ ಇದೆ ಅಂತ ಮನೆಯವರು ಹೇಳುತ್ತಾರೆ. ಯಾವ ಲ್ಯಾಬ್ ನಂಬಬೇಕು? ಇದನ್ನ ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕಿತ್ತಾ? ಕೂದಲಿಗೆ ಅಂತ ಜನವರಿಯಿಂದ ಬಯೋಟಿನ್ ಮಾತ್ರೆ ನಡೆದಿದೆ. ಖರ್ಜೂರ, ಬೀಟ್‌ರೂಟ್ ತಿಂದರೆ ಸಾಕಾ? ಇನ್ನೊಂದು, 13 ವರ್ಷದ ಮಗಳು ಕದ್ದು ಬಳಪ ತಿನ್ನುತ್ತಾಳೆ, ಅವಳಿಗೂ ಟೆಸ್ಟ್ ಬೇಕಾ? ಎರಡೂ ರಿಪೋರ್ಟ್ ಕಳಿಸಿದ್ದೇನೆ.

ಉತ್ತರ: ತುಂಬಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ 58 ನೋಡಿ ನೀವು ಸುಮ್ಮನಾದರೆ ಇನ್ನೊಂದು ವರ್ಷ ಇದೇ ಸುಸ್ತಿನಲ್ಲಿ ಕಳೆಯುತ್ತದೆ. ಎರಡು ಲ್ಯಾಬಿನವರೂ ತಪ್ಪು ಮಾಡಿದ ಹಾಗೆ ನನಗೆ ಕಾಣುತ್ತಿಲ್ಲ. ಎರಡನೇ ಸಲ ನೀವು ರಕ್ತ ಕೊಟ್ಟ ವಾರ ಸರಿ ಇರಲಿಲ್ಲ, ಅಷ್ಟೇ.

ದೊಡ್ಡವರ ದೇಹದಲ್ಲಿ ಒಟ್ಟು ಕಬ್ಬಿಣ ಇರೋದೇ ಮೂರರಿಂದ ನಾಲ್ಕು ಗ್ರಾಂ, ಹೆಂಗಸರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಹಿಮೋಗ್ಲೋಬಿನ್ನಿನಲ್ಲಿ ಓಡಾಡಿಕೊಂಡಿರುತ್ತದೆ. ಕೂಡಿಟ್ಟ ಕಬ್ಬಿಣ ಲಿವರ್, ಗುಲ್ಮ, ಮೂಳೆಯ ಮಜ್ಜೆ ಇಲ್ಲೆಲ್ಲ ಇರುತ್ತದೆ, ಬಹುಪಾಲು ಫೆರಿಟಿನ್ ಅನ್ನೋ ಪ್ರೋಟೀನಿನ ಒಳಗೆ. ಒಂದೊಂದು ಫೆರಿಟಿನ್ ಕಣದೊಳಗೆ 4,500ರಷ್ಟು ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ಈ ಪ್ರೋಟೀನಿನ ಚೂರು ಪಾಲು ರಕ್ತಕ್ಕೂ ಬರುತ್ತಿರುತ್ತದೆ, ಲ್ಯಾಬಿನವರು ಅಳೆಯೋದು ಅದನ್ನೇ. ಒಳಗೆ ದಾಸ್ತಾನು ಜಾಸ್ತಿ ಇದ್ದರೆ ರಕ್ತದಲ್ಲೂ ಜಾಸ್ತಿ, ಇಲ್ಲದಿದ್ದರೆ ಕಡಿಮೆ. ಫೆರಿಟಿನ್ ಅನ್ನ 1937ರಲ್ಲೇ ಕುದುರೆಯ ಗುಲ್ಮದಿಂದ ಬೇರ್ಪಡಿಸಿದ್ದರು, ಆದರೆ ಆರೋಗ್ಯವಂತರ ರಕ್ತದಲ್ಲಿ ಇರೋ ಅಷ್ಟು ಚೂರನ್ನ ಅಳೆಯೋ ವಿಧಾನ ಬಂದದ್ದು 1972ರಲ್ಲಿ. ಅದಕ್ಕೂ ಮುಂಚೆ ದಾಸ್ತಾನು ನೋಡಬೇಕು ಅಂದರೆ ಮೂಳೆಗೆ ದಪ್ಪ ಸೂಜಿ ಚುಚ್ಚಿ ಮಜ್ಜೆ ತೆಗೆದು, ಬಣ್ಣ ಹಾಕಿ, ನೀಲಿ ಕಾಣುತ್ತದಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು. ಈಗ ಒಂದು ಟ್ಯೂಬ್ ರಕ್ತ ಸಾಕು.

ನಮ್ಮ ಬೆಂಗಳೂರಿನ ಮನೆಗಳಲ್ಲಿ ಸಂಪು ಖಾಲಿಯಾದರೂ ಮೇಲಿನ ಟ್ಯಾಂಕಿನಲ್ಲಿ ನೀರಿರುವ ತನಕ ನಲ್ಲಿ ಜೋರಾಗೇ ಬರುತ್ತದಲ್ವಾ, ಇಲ್ಲೂ ಹಾಗೇ. ಫೆರಿಟಿನ್ ಸಂಪಿನ ಮಟ್ಟ, ಹಿಮೋಗ್ಲೋಬಿನ್ ಮೇಲಿನ ಟ್ಯಾಂಕು. ದಾಸ್ತಾನು ಪೂರ್ತಿ ಬಸಿದುಹೋದ ಮೇಲೇ ಹಿಮೋಗ್ಲೋಬಿನ್ ಇಳಿಯಲು ಶುರುವಾಗೋದು. ಆದ್ದರಿಂದ ಫೆಬ್ರವರಿಯಲ್ಲಿ ನಿಮಗೆ ಸಿಕ್ಕ ‘ಹಿಮೋಗ್ಲೋಬಿನ್ ಸರಿ ಇದೆ, ಚಿಂತೆ ಬೇಡ’ ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ದೊಡ್ಡವರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎಷ್ಟೋ ಡಾಕ್ಟರುಗಳು 30ರ ಕೆಳಗೆ ಬಂದರೇ ಕೊರತೆ ಅಂತ ಹಿಡಿಯುತ್ತಾರೆ, ನಾನೂ ಆ ಕಡೆಯವನೇ. ನಿಮ್ಮ 9 ಯಾವ ಲೆಕ್ಕಕ್ಕೂ ಪಾಸಾಗುವುದಿಲ್ಲ.

ಇನ್ನು ಆ 12.1 ಕೂಡ ಅಷ್ಟೇನೂ ಸರಿ ಇಲ್ಲ. ಹೆಂಗಸರಿಗೆ ಹಿಮೋಗ್ಲೋಬಿನ್ 12ರ ಮೇಲಿದ್ದರೆ ಸಾಕು ಅನ್ನೋದು ಸಮುದ್ರ ಮಟ್ಟದ ಲೆಕ್ಕ. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕ ತೆಳುವಾಗುತ್ತದೆ, ದೇಹ ಜಾಸ್ತಿ ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ. ಬೆಂಗಳೂರು ಇರೋದು ಸುಮಾರು 920 ಮೀಟರ್ ಎತ್ತರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ 500ರಿಂದ 999 ಮೀಟರ್ ಎತ್ತರದ ಊರುಗಳಲ್ಲಿ ಈ ಗೆರೆಯನ್ನ 0.4 ಗ್ರಾಂ ಮೇಲಕ್ಕೆ ಸರಿಸಬೇಕು. ಅಂದರೆ ಇಲ್ಲಿನ ಹೆಂಗಸರಿಗೆ 12.4. ಈ ತಿದ್ದುಪಡಿ ಮಾಡಿ ರೇಂಜ್ ಮುದ್ರಿಸುವ ರಿಪೋರ್ಟು ನನ್ನ ಕಣ್ಣಿಗಂತೂ ಬಿದ್ದಿಲ್ಲ. ಆ ಲೆಕ್ಕದಲ್ಲಿ ನಿಮಗೆ ಫೆಬ್ರವರಿಯಲ್ಲೇ ಸಣ್ಣ ಮಟ್ಟದ ರಕ್ತಹೀನತೆ ಶುರುವಾಗಿತ್ತು.

ಈಗ 58ಕ್ಕೆ ಬರೋಣ. ಇದಕ್ಕೆ ಸಣ್ಣ ಲೆಕ್ಕ ಹಾಕಿದರೆ ಸಾಕು. ಫೆರಿಟಿನ್‌ನ ಒಂದೊಂದು ಅಂಕಕ್ಕೆ ಸುಮಾರು 8ರಿಂದ 10 ಮಿಲಿಗ್ರಾಂ ದಾಸ್ತಾನು ಅಂತ ಅಂದಾಜು. 9ರಿಂದ 58ಕ್ಕೆ ಏರಬೇಕಾದರೆ ಕಡಿಮೆ ಅಂದರೂ 400 ಮಿಲಿಗ್ರಾಂ ಹತ್ತಿರ ಕಬ್ಬಿಣ ಒಳಗೆ ಸೇರಿರಬೇಕು. ನೀವು ತೆಗೆದುಕೊಂಡದ್ದು ಮೂರು ವಾರದ ಮಾತ್ರೆ. 60 ಮಿಲಿಗ್ರಾಂ ಕಬ್ಬಿಣ ಇರುವ ಒಂದು ಮಾತ್ರೆಯಿಂದ ಕರುಳು ಹೀರಿಕೊಳ್ಳೋದು ಹತ್ತು ಮಿಲಿಗ್ರಾಂ ಆಸುಪಾಸು, ದಿನಾ ನುಂಗಿದರೆ ಅದಕ್ಕಿಂತಲೂ ಕಡಿಮೆ. ಉದಾರವಾಗಿ ಹಿಡಿದರೂ 200 ಮಿಲಿಗ್ರಾಂ ದಾಟುವುದಿಲ್ಲ, ಅದರಲ್ಲೂ ಮೊದಲ ಪಾಲು ಹಿಮೋಗ್ಲೋಬಿನ್ ಮಾಡಲು ಹೋಗುತ್ತದೆ. ಅದಾದ ಮೇಲೆ ನಾಲ್ಕೈದು ಸಲ ಮುಟ್ಟಾಗಿರುತ್ತದೆ. ಒಂದು ಮಿಲಿಲೀಟರ್ ರಕ್ತದ ಜೊತೆ 0.4 ಮಿಲಿಗ್ರಾಂನಷ್ಟು ಕಬ್ಬಿಣ ಹೋಗುತ್ತದೆ, ಜಾಸ್ತಿ ಸ್ರಾವ ಇರುವವರಿಗೆ ತಿಂಗಳಿಗೆ 30 ಮಿಲಿಗ್ರಾಂ ಮೇಲೆ ಹೋಯ್ತು ಅಂತ ಇಟ್ಟುಕೊಳ್ಳಿ. ಎಷ್ಟೇ ಎಳೆದಾಡಿದರೂ ಜಮಾ ಖರ್ಚು ತಾಳೆ ಆಗುವುದಿಲ್ಲ.

ಹಾಗಾದರೆ 58 ಎಲ್ಲಿಂದ ಬಂತು? ಜ್ವರದಿಂದ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು. ಸೋಂಕು ತಗುಲಿದ ಕೂಡಲೇ ದೇಹ ತನ್ನ ಕಬ್ಬಿಣವನ್ನ ರಕ್ತದಿಂದ ಎಳೆದು ಜೀವಕೋಶಗಳ ಒಳಗೆ ಬಚ್ಚಿಡುತ್ತದೆ, ಫೆರಿಟಿನ್ ಉತ್ಪಾದನೆ ಏರಿಸುತ್ತದೆ, ಕರುಳಿನ ಬಾಗಿಲನ್ನೂ ಹಾಕಿಬಿಡುತ್ತದೆ. ದಾಸ್ತಾನು ಒಂದು ಚೂರೂ ಹೆಚ್ಚಾಗದೆ ಫೆರಿಟಿನ್ ಸಂಖ್ಯೆ ಮಾತ್ರ ಮೇಲೆ ಹೋಗುತ್ತದೆ. ಮಳೆಗಾಲದಲ್ಲಿ ಡೆಂಗಿ ಆದವರ ಫೆರಿಟಿನ್ ಸಾವಿರಗಟ್ಟಲೆ ಬರೋದನ್ನ ಇಲ್ಲಿನ ಲ್ಯಾಬಿನವರೆಲ್ಲ ನೋಡಿರುತ್ತಾರೆ, ಅವರ ಮೈಯಲ್ಲಿ ಕಬ್ಬಿಣದ ಗಣಿ ಏನೂ ಇರುವುದಿಲ್ಲ. ಫ್ಯಾಟಿ ಲಿವರ್, ಕುಡಿತ, ಸಂಧಿವಾತ, ತೀರದ ಸೋಂಕು ಇವೆಲ್ಲವೂ ಇದೇ ಕೆಲಸ ಮಾಡುತ್ತವೆ. ಅದಕ್ಕೇ ಸೋಂಕು ಅಥವಾ ಉರಿಯೂತ ಇರುವಾಗ ದೊಡ್ಡವರಲ್ಲಿ 15ರ ಬದಲು 70ರ ಕೆಳಗೆ ಬಂದರೇ ಕೊರತೆ ಇರಬಹುದು ಅಂತ ನೋಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಿಮ್ಮ ಜುಲೈ ರಿಪೋರ್ಟಿನ ಮೂರನೇ ಪುಟದಲ್ಲಿ ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನು) 18 ಅಂತಿದೆ, ಅದು 5ರ ಕೆಳಗಿರಬೇಕಿತ್ತು. ಉರಿಯೂತ ಇನ್ನೂ ಇಳಿದಿರಲಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಪ್ಯಾಕೇಜಿನಲ್ಲಿ ಎಂಬತ್ತು ಟೆಸ್ಟು ತೊಂಬತ್ತು ಟೆಸ್ಟು ಅಂತ ಕೊಟ್ಟು, ಒಂದನ್ನ ಇನ್ನೊಂದರ ಪಕ್ಕ ಇಟ್ಟು ಓದುವವರು ಯಾರೂ ಇಲ್ಲದಿದ್ದರೆ ಹೀಗೇ ಆಗೋದು.

ಅದೇ ಪುಟದಲ್ಲಿ ಇನ್ನೂ ಎರಡು ಸಂಖ್ಯೆ ನೋಡಿ. ಸೀರಮ್ ಐರನ್ (ರಕ್ತದಲ್ಲಿ ಆ ಹೊತ್ತಿಗೆ ಸಾಗುತ್ತಿರುವ ಕಬ್ಬಿಣ) 41, ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಅನ್ನೋ ಅಳತೆ) 402. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿದರೆ ಹತ್ತು ಪರ್ಸೆಂಟ್ ಬರುತ್ತದೆ, ಇದೇ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಪ್ರೋಟೀನಿನಲ್ಲಿ ಎಷ್ಟು ಪಾಲು ಭರ್ತಿ ಇದೆ ಅಂತ ಅರ್ಥ, ಅದು 20ರ ಮೇಲಿರಬೇಕು. ‘ಜ್ವರದಲ್ಲಿ ಸೀರಮ್ ಐರನ್ನೂ ಇಳಿಯುತ್ತದಲ್ವಾ’ ಅಂತ ಕೇಳಬಹುದು. ನಿಜ, ಇಳಿಯುತ್ತದೆ. ಆದರೆ ಬರೀ ಉರಿಯೂತ ಇದ್ದರೆ ಟಿಐಬಿಸಿ ಕೂಡ ಕೆಳಗೆ ಬರುತ್ತದೆ. ನಿಮ್ಮದು ಜ್ವರದ ವಾರದಲ್ಲೂ 400ರ ಮೇಲೇ ನಿಂತಿದೆ, ಅಂದರೆ ದೇಹ ಕಬ್ಬಿಣಕ್ಕಾಗಿ ಇನ್ನೂ ಕೈ ಚಾಚಿಕೊಂಡೇ ಇದೆ. ಇದೊಂದನ್ನೇ ನೋಡಿದರೂ ನಾನು 58 ಅನ್ನ ನಂಬುತ್ತಿರಲಿಲ್ಲ.

ರೇಂಜ್ ವಿಷಯ. 10ರಿಂದ 290 ಅಂತ ಮುದ್ರಿಸಿರೋದು ಸುಳ್ಳಲ್ಲ, ಆದರೆ ಅಂಥ ರೇಂಜ್‌ಗಳನ್ನ ಮಾಡೋದು ಆರೋಗ್ಯವಾಗಿ ಕಾಣುವ ಒಂದಷ್ಟು ಜನರ ರಕ್ತ ಪರೀಕ್ಷಿಸಿ. ಮುಟ್ಟಾಗುವ ವಯಸ್ಸಿನ ಹೆಂಗಸರ ಗುಂಪಿನಲ್ಲಿ ದಾಸ್ತಾನು ಖಾಲಿ ಇದ್ದೂ ಓಡಾಡಿಕೊಂಡಿರುವವರು ಎಷ್ಟೋ ಜನ. ಅವರೂ ಆ ಲೆಕ್ಕದೊಳಗೆ ಸೇರಿಕೊಳ್ಳೋದರಿಂದ ಕೆಳಗಿನ ಗೆರೆ ಕೆಳಗೇ ಉಳಿಯುತ್ತದೆ. ಹಾಗಾಗಿ 12 ಬಂದವರಿಗೂ ಪಕ್ಕದಲ್ಲಿ ನಕ್ಷತ್ರ ಗುರುತು ಬೀಳುವುದಿಲ್ಲ. ಮನೆಯವರಿಗೆ ಇದನ್ನ ಓದಿ ಹೇಳಿ!

ಈಗ ಬಯೋಟಿನ್. ನೀವು ಅದನ್ನ ಬರೆದದ್ದು ಒಳ್ಳೆಯದಾಯ್ತು, ಹೆಚ್ಚಿನವರು ‘ಅದು ವಿಟಮಿನ್ ತಾನೇ’ ಅಂತ ಹೇಳುವುದೇ ಇಲ್ಲ. ಕೂದಲಿನ ಮಾತ್ರೆಗಳಲ್ಲಿ 10 ಮಿಲಿಗ್ರಾಂವರೆಗೂ ಇರುತ್ತದೆ, ದಿನಕ್ಕೆ ಬೇಕಾಗಿರೋದು 30 ಮೈಕ್ರೋಗ್ರಾಂ ಅಷ್ಟೇ. ಎಷ್ಟೋ ಲ್ಯಾಬ್ ಯಂತ್ರಗಳು ಟೆಸ್ಟಿನೊಳಗೇ ಬಯೋಟಿನ್ ಅನ್ನ ಅಂಟಿನ ಥರ ಬಳಸುತ್ತವೆ. ನಿಮ್ಮ ರಕ್ತದಲ್ಲೂ ಅದು ತುಂಬಿಕೊಂಡಿದ್ದರೆ ಲೆಕ್ಕ ಕೆಡುತ್ತದೆ, ಫೆರಿಟಿನ್ ಇರೋದಕ್ಕಿಂತ ಕಡಿಮೆ ತೋರಿಸಬಹುದು. ಥೈರಾಯ್ಡ್ ಟೆಸ್ಟಿನಲ್ಲೂ ಇದೇ ಕಿತಾಪತಿ: ಟಿಎಸ್‌ಎಚ್ ಸುಳ್ಳು ಸುಳ್ಳೇ ಕೆಳಗೆ ಬಂದು ಇಲ್ಲದ ಕಾಯಿಲೆ ಇದ್ದ ಹಾಗೆ ಕಾಣಿಸುತ್ತದೆ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ, ಆದರೆ ಯಾವ ಲ್ಯಾಬಿನಲ್ಲಿ ಯಾವ ಯಂತ್ರ ಅಂತ ನಿಮಗೆ ಗೊತ್ತಿರುವುದಿಲ್ಲವಲ್ಲ. ಟೆಸ್ಟಿಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿಬಿಡಿ.

ಹಾಗಾದರೆ 9 ಕೂಡ ಸುಳ್ಳಾ? ನಿಮ್ಮ ವಿಷಯದಲ್ಲಿ ಅಲ್ಲ. ಫೆಬ್ರವರಿ ರಿಪೋರ್ಟಿನಲ್ಲಿ ಬಯೋಟಿನ್‌ಗೆ ಸಂಬಂಧವೇ ಇಲ್ಲದ ಸಂಖ್ಯೆಗಳೂ ಅದೇ ಕಥೆ ಹೇಳುತ್ತಿವೆ. ಎಂಸಿವಿ 78, ಅಂದರೆ ಕೆಂಪು ಕಣಗಳು ಸಣ್ಣದಾಗಿವೆ. ಆರ್‌ಡಿಡಬ್ಲ್ಯೂ 16.2, ಅಂದರೆ ದೊಡ್ಡವು ಚಿಕ್ಕವು ಬೆರೆತುಕೊಂಡಿವೆ. ಸ್ಯಾಚುರೇಷನ್ ಆಗಲೂ 12 ಪರ್ಸೆಂಟ್. ನಿಜವಾದ ಫೆರಿಟಿನ್ 9ರ ಬದಲು 12 ಇದ್ದಿರಬಹುದು, ಅದರಿಂದ ಏನೂ ಬದಲಾಗುವುದಿಲ್ಲ. ಸಣ್ಣ ಕಣಗಳು ಅಂದ ಕೂಡಲೇ ಥಲಸ್ಸೀಮಿಯಾ ಟ್ರೇಟ್ ಕೂಡ ನೋಡಬೇಕಾಗುತ್ತದೆ, ಅದು ಅಪ್ಪ ಅಮ್ಮನಿಂದ ಬರುವಂಥದ್ದು, ಕಬ್ಬಿಣ ಕೊಟ್ಟರೆ ಸರಿಹೋಗುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಕಣಗಳು ಸಣ್ಣದಿದ್ದರೂ ಸಂಖ್ಯೆ ಜಾಸ್ತಿ ಇರುತ್ತದೆ. ಎಂಸಿವಿಯನ್ನ ಕೆಂಪು ಕಣಗಳ ಸಂಖ್ಯೆಯಿಂದ (ಮೈಕ್ರೋಲೀಟರಿಗೆ ಎಷ್ಟು ಮಿಲಿಯನ್ ಅನ್ನೋ ಲೆಕ್ಕ) ಭಾಗಿಸಿದಾಗ 13ರ ಕೆಳಗೆ ಬಂದರೆ ಆ ಕಡೆ ಅನುಮಾನ. ನಿಮ್ಮದು 78ನ್ನ 4.6ರಿಂದ ಭಾಗಿಸಿದರೆ 17, ಸದ್ಯಕ್ಕೆ ಬಿಡಿ. ಮೂರು ತಿಂಗಳು ಸರಿಯಾಗಿ ಕಬ್ಬಿಣ ತೆಗೆದುಕೊಂಡು ಫೆರಿಟಿನ್ ತುಂಬಿದ ಮೇಲೂ ಎಂಸಿವಿ ಏರದಿದ್ದರೆ ಆಗ ಥಲಸ್ಸೀಮಿಯಾ ಟ್ರೇಟ್ ಪತ್ತೆಗೆ ಇರುವ ಎಚ್‌ಬಿಎ2 ಟೆಸ್ಟ್ ಮಾಡಿಸಿ. ಸಸ್ಯಾಹಾರಿಗಳಾಗಿದ್ದರೆ ಬಿ12 ಕೂಡ ಒಮ್ಮೆ ನೋಡಿಸಿ, ಎರಡೂ ಕೊರತೆ ಒಟ್ಟಿಗೆ ಇರೋದು ನಮ್ಮಲ್ಲಿ ತುಂಬಾ ಮಾಮೂಲು.

ಇಷ್ಟಾದರೂ ಮುಖ್ಯ ಪ್ರಶ್ನೆ ಯಾರೂ ಕೇಳಿಲ್ಲ, ನಿಮ್ಮ ಪತ್ರದಲ್ಲೂ ಇಲ್ಲ. ಕಬ್ಬಿಣ ಹೋಗ್ತಿರೋದು ಎಲ್ಲಿಂದ? ನಿಮ್ಮ ವಯಸ್ಸಿನಲ್ಲಿ ಮೊದಲ ಅನುಮಾನ ಪೀರಿಯಡ್ಸ್ ಮೇಲೆ. ಒಂದೆರಡು ಗಂಟೆಗೇ ಪ್ಯಾಡ್ ಬದಲಾಯಿಸಬೇಕಾಗುತ್ತದಾ, ಗಡ್ಡೆ ಗಡ್ಡೆಯಾಗಿ ಹೋಗುತ್ತದಾ, ಏಳು ದಿನ ದಾಟುತ್ತದಾ? ‘ನಮ್ಮಮ್ಮನಿಗೂ ಹೀಗೇ ಇತ್ತು’ ಅಂತ ಅದನ್ನೇ ಮಾಮೂಲು ಅಂದುಕೊಂಡಿರುವವರು ಬಹಳ ಜನ. ಹೌದು ಅಂದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿ, ಫೈಬ್ರಾಯ್ಡ್ (ಗರ್ಭಕೋಶದ ಗಂಟು) ಇರಬಹುದು. ಮೂಲವ್ಯಾಧಿ ಇದೆಯಾ, ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಆಸಿಡ್ ಕಮ್ಮಿ ಮಾಡುವ ಮಾತ್ರೆ ನುಂಗುತ್ತೀರಾ, ಅದನ್ನೂ ಹೇಳಿ. ಹೊಟ್ಟೆಯ ಆಸಿಡ್ ಇಲ್ಲದಿದ್ದರೆ ಊಟದ ಕಬ್ಬಿಣ ಸರಿಯಾಗಿ ಒಳಗೆ ಹೋಗುವುದಿಲ್ಲ. ಪದೇ ಪದೇ ರಕ್ತದಾನ ಮಾಡುವವರೂ ಲೆಕ್ಕದಲ್ಲಿಟ್ಟುಕೊಳ್ಳಿ, ಒಂದು ಸಲಕ್ಕೆ 200 ಮಿಲಿಗ್ರಾಂ ಆಸುಪಾಸು ಕಬ್ಬಿಣ ಹೋಗುತ್ತದೆ. ಇದನ್ನ ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಮನೆಯಲ್ಲಿ ಗಂಡಸರಿಗೆ, ಅಥವಾ ಮುಟ್ಟು ನಿಂತ ಹೆಂಗಸರಿಗೆ ಫೆರಿಟಿನ್ ಕಡಿಮೆ ಬಂದರೆ ಟಾನಿಕ್ ಕೊಟ್ಟು ಕೂರಬೇಡಿ. ಹೊಟ್ಟೆ ಅಥವಾ ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು, ಅದು ಕ್ಯಾನ್ಸರ್ ಕೂಡ ಆಗಿರಬಹುದು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಬೇಕಾ ಅಂತ ಡಾಕ್ಟರನ್ನ ಕೇಳಲೇಬೇಕು.

ಮಾತ್ರೆಗೆ ಬರೋಣ. ಮಲಬದ್ಧತೆಗೆ ಹೆದರಿ ಬಿಟ್ಟಿರಿ, ಅರ್ಥವಾಗುತ್ತದೆ. ಈಗ ದಿನ ಬಿಟ್ಟು ದಿನ ಕೊಡುವ ಪದ್ಧತಿ ಬಂದಿದೆ. ಒಂದು ಮಾತ್ರೆ ನುಂಗಿದ ಕೂಡಲೇ ಲಿವರ್‌ನಿಂದ ಹೆಪ್ಸಿಡಿನ್ ಅನ್ನೋ ಹಾರ್ಮೋನು ಜಾಸ್ತಿ ಬಂದು ಮಾರನೇ ದಿನದ ತನಕ ಕರುಳಿನ ಬಾಗಿಲು ಅರ್ಧ ಮುಚ್ಚುತ್ತದೆ, ಜ್ವರದಲ್ಲಿ ಮುಚ್ಚೋದೂ ಇದೇ ಹಾರ್ಮೋನು. ಸ್ವಿಟ್ಜರ್ಲೆಂಡಿನಲ್ಲಿ ಕಬ್ಬಿಣ ಕಡಿಮೆ ಇದ್ದ ಹೆಂಗಸರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಾ ಕೊಟ್ಟ ಮಾತ್ರೆಗಿಂತ ದಿನ ಬಿಟ್ಟು ದಿನ ಕೊಟ್ಟ ಮಾತ್ರೆಯಿಂದ ಜಾಸ್ತಿ ಪಾಲು ಒಳಗೆ ಹೋಯ್ತು. ಹೊಟ್ಟೆಗೂ ಹಿತ. ಮಾತ್ರೆಯ ಹಾಳೆಯಲ್ಲಿ ‘ಎಲಿಮೆಂಟಲ್ ಐರನ್’ ಎಷ್ಟು ಅಂತ ನೋಡಿ, 60ರಿಂದ 100 ಮಿಲಿಗ್ರಾಂ ಇದ್ದರೆ ಸಾಕು. ಯಾವುದು, ಎಷ್ಟು ದಿನ ಅನ್ನೋದನ್ನ ಈ ಸಲ ಮೆಡಿಕಲ್ ಶಾಪಿನವರ ಬದಲು ಡಾಕ್ಟರನ್ನ ಕೇಳಿ. ಮಲ ಕಪ್ಪಗಾದರೆ ಗಾಬರಿ ಬೇಡ. ಒಂದು ತಿಂಗಳಿಗೆ ಹಿಮೋಗ್ಲೋಬಿನ್ ನೋಡಿ, ಅದು ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಇಲ್ಲದಿದ್ದರೆ ದಾಸ್ತಾನು ತುಂಬುವುದೇ ಇಲ್ಲ. ಎಲ್ಲರೂ ತಪ್ಪೋದು ಇಲ್ಲೇ. ಡ್ರಿಪ್‌ನಲ್ಲಿ ಕಬ್ಬಿಣ ಹಾಕಿಸಿಕೊಂಡರೆ ಬೇಗ ಆಗುತ್ತದಲ್ವಾ ಅಂತ ಕೆಲವರು ಕೇಳುತ್ತಾರೆ. ಮಾತ್ರೆ ಒಗ್ಗದವರಿಗೆ, ಸ್ರಾವ ತುಂಬಾ ಇರುವವರಿಗೆ ಅದು ಬೇಕಾಗುತ್ತದೆ, ಎಲ್ಲರಿಗೂ ಬೇಡ. ಹಾಕಿಸಿಕೊಂಡ ಒಂದೆರಡು ವಾರಕ್ಕೇ ಫೆರಿಟಿನ್ ಮಾಡಿಸಿದರೆ ಆಕಾಶಕ್ಕೇರಿರುತ್ತದೆ, ಒಂದೆರಡು ತಿಂಗಳಾದರೂ ಕಾಯಬೇಕು.

ಖರ್ಜೂರ, ಬೀಟ್‌ರೂಟ್ ತಿನ್ನಿ, ಚೆನ್ನಾಗಿರುತ್ತದೆ. ಆದರೆ ಬೀಟ್‌ರೂಟ್ ಕೆಂಪಗಿದೆ ಅನ್ನೋದು ಬಿಟ್ಟರೆ ಕಬ್ಬಿಣದ ಲೆಕ್ಕದಲ್ಲಿ ಅದಕ್ಕೆ ವಿಶೇಷ ಏನೂ ಇಲ್ಲ, 100 ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ನಮ್ಮ ದೇಶದಲ್ಲಿ ಹೆಂಗಸರಿಗೆ ಶಿಫಾರಸು ಮಾಡಿರೋದು ದಿನಕ್ಕೆ 29 ಮಿಲಿಗ್ರಾಂ. ಹುರುಳಿಕಾಳು, ಸೊಪ್ಪಿನ ಸಾರು, ಮೊಳಕೆ ಕಾಳು, ಮಾಂಸ ತಿನ್ನುವವರಾದರೆ ಮಾಂಸ, ಇವು ಉಪಯೋಗ. ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ವಿಟಮಿನ್ ಸಿ ಇದ್ದರೆ ಸೊಪ್ಪು ಕಾಳುಗಳ ಕಬ್ಬಿಣ ಚೆನ್ನಾಗಿ ಒಳಗೆ ಹೋಗುತ್ತದೆ. ಬೆಂಗಳೂರಿನವರು ಕಾಫಿ ಬಿಡಿ ಅಂದರೆ ನನ್ನನ್ನೇ ಬಿಡುತ್ತಾರೆ, ಹಾಗಾಗಿ ಬಿಡಿ ಅನ್ನಲ್ಲ, ಹೊತ್ತು ಬದಲಾಯಿಸಿ. ಊಟದ ಜೊತೆ ಕುಡಿದ ಕಾಫಿ ಕಬ್ಬಿಣ ಹೀರೋದನ್ನ ಶೇಕಡ 40ರಷ್ಟು ಕಡಿಮೆ ಮಾಡಿತು, ಟೀ ಇನ್ನೂ ಜಾಸ್ತಿ ಅಂತ 1983ರ ಒಂದು ಅಧ್ಯಯನದಲ್ಲಿದೆ. ಮಜಾ ಏನಂದರೆ ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಅಷ್ಟೇ ನಷ್ಟ, ಒಂದು ಗಂಟೆ ಮುಂಚೆ ಕುಡಿದರೆ ಏನೂ ನಷ್ಟವಿಲ್ಲ. ಎದ್ದ ಕೂಡಲೇ ಕುಡಿಯುವ ಫಿಲ್ಟರ್ ಕಾಫಿ ಇರಲಿ, ಇಡ್ಲಿ ತಿಂದ ಮೇಲಿನ ಆ ಎರಡನೇ ಲೋಟವೇ ತೊಂದರೆ. ಐರನ್ ಮಾತ್ರೆಯನ್ನಂತೂ ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದರ ಜೊತೆಗೂ ನುಂಗಬೇಡಿ.

ಖಾಲಿ ಹೊಟ್ಟೆ ಕೇಳಿದ್ದಿರಿ. ಬರೀ ಫೆರಿಟಿನ್‌ಗೆ ಬೇಕಿಲ್ಲ. ಸೀರಮ್ ಐರನ್ ಮಾತ್ರ ದಿನದ ಹೊತ್ತಿಗೆ, ತಿಂದದ್ದಕ್ಕೆ, ನುಂಗಿದ ಮಾತ್ರೆಗೆ ಏರಿಳಿಯುತ್ತದೆ, ಅದಕ್ಕೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಹಿಂದಿನ ದಿನದ ಐರನ್ ಮಾತ್ರೆ ಬಿಟ್ಟು ಹೋಗಿ. ನಿಮ್ಮ ಮುಂದಿನ ಟೆಸ್ಟು ಜ್ವರ, ಶೀತ, ಹಲ್ಲಿನ ಕೀವು ಏನೂ ಇಲ್ಲದ ಸಮಯದಲ್ಲಿ, ಕಾಯಿಲೆ ಬಿಟ್ಟು ನಾಲ್ಕು ವಾರವಾದರೂ ಆದ ಮೇಲೆ ಇರಲಿ. ಸಿಬಿಸಿ (ಹಿಮೋಗ್ಲೋಬಿನ್, ರಕ್ತಕಣಗಳ ಎಣಿಕೆ), ಫೆರಿಟಿನ್, ಐರನ್, ಟಿಐಬಿಸಿ, ಸಿಆರ್‌ಪಿ ಇಷ್ಟು ಸಾಕು, ಫುಲ್ ಬಾಡಿ ಪ್ಯಾಕೇಜ್ ಬೇಡ. ಯಂತ್ರ ಬದಲಾದರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ, ಅದಕ್ಕೇ ಒಂದೇ ಲ್ಯಾಬಿಗೆ ಅಂಟಿಕೊಳ್ಳಿ. ಆದರೆ ಅಲ್ಲಿಯ ತನಕ ಚಿಕಿತ್ಸೆ ಮುಂದೂಡಬೇಕಿಲ್ಲ, ಈಗಿರುವ ಎರಡು ರಿಪೋರ್ಟೇ ಡಾಕ್ಟರಿಗೆ ಸಾಕಾಗುತ್ತದೆ.

ಮಗಳಿಗೆ ಬೈಯಬೇಡಿ. ಬಳಪ, ಸೀಮೆಸುಣ್ಣ, ಮಣ್ಣು, ಹಸಿ ಅಕ್ಕಿ, ಐಸ್ ಇವನ್ನ ತಿನ್ನಬೇಕು ಅನ್ನಿಸೋದು ಕಬ್ಬಿಣದ ಕೊರತೆಯಲ್ಲಿ ಕಾಣುವ ಲಕ್ಷಣ, ದೊಡ್ಡ ಹೆಂಗಸರೂ ನಾಚಿಕೆಯಿಂದ ಮುಚ್ಚಿಟ್ಟುಕೊಂಡಿರುತ್ತಾರೆ. 13 ವರ್ಷ ಅಂದರೆ ಬೆಳೆಯುವ ವಯಸ್ಸು, ಮುಟ್ಟೂ ಶುರುವಾಗಿರಬಹುದು, ಎರಡಕ್ಕೂ ಕಬ್ಬಿಣ ಬೇಕು. ಅವಳಿಗೂ ಸಿಬಿಸಿ, ಫೆರಿಟಿನ್, ಸಿಆರ್‌ಪಿ ಮಾಡಿಸಿ, 15ರ ಗೆರೆಯೇ ಅವಳಿಗೂ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಐರನ್ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ ಕೊಡುತ್ತಿದ್ದರೆ ಅವಳು ನುಂಗುತ್ತಾಳಾ ಅಥವಾ ಬ್ಯಾಗಿನಲ್ಲಿ ಇಟ್ಟುಕೊಂಡು ಬರುತ್ತಾಳಾ ಅಂತ ಕೇಳಿ. ಆದರೆ ಕೊರತೆ ಇದ್ದರೆ ವಾರಕ್ಕೊಂದು ಸಾಲದು, ಮಕ್ಕಳ ಡಾಕ್ಟರ್ ತೂಕ ನೋಡಿ ಬರೆದುಕೊಡುತ್ತಾರೆ. ಕಬ್ಬಿಣ ಶುರು ಮಾಡಿದ ಕೆಲವೇ ವಾರಗಳಲ್ಲಿ, ಹಿಮೋಗ್ಲೋಬಿನ್ ಪೂರ್ತಿ ಏರುವುದಕ್ಕೂ ಮುಂಚೆಯೇ, ಬಳಪದ ಆಸೆ ಎಷ್ಟೋ ಮಕ್ಕಳಲ್ಲಿ ತಾನಾಗೇ ಹೊರಟುಹೋಗುತ್ತದೆ.